ತುತ್ತು ಇಳಿಯುವವರೆಗೆ ಕೈ ಕಾಯಲಿ

ಏಳೆಂಟು ನಿಮಿಷದಲ್ಲಿ ಊಟ ಮುಗಿಸಿ ಏಳುವುದು ನನಗೆ ವರ್ಷಗಳಿಂದ ರೂಢಿಯಾಗಿತ್ತು. ಅರ್ಧ ಗಂಟೆಗೆಲ್ಲ ಹೊಟ್ಟೆ ಉಬ್ಬರ, ಒಂದರ ಹಿಂದೊಂದು ತೇಗು, ಮಧ್ಯಾಹ್ನವಿಡೀ ಮೈಭಾರ. ತಿಂದದ್ದು ಒಗ್ಗುತ್ತಿಲ್ಲವೆಂದು ಒಂದೊಂದೇ ಪದಾರ್ಥ ಬಿಡುತ್ತಾ ಬಂದೆ, ಏನೂ ಬದಲಾಗಲಿಲ್ಲ. ಒಮ್ಮೆ ಹಿಂದಿನ ದಿನ ತಿಂದ ಕಾಳು ಮಲದಲ್ಲಿ ಇಡಿಯಾಗಿಯೇ ಕಂಡಾಗ ಹೊಳೆಯಿತು: ನಾನು ಜಗಿಯುತ್ತಲೇ ಇಲ್ಲ, ಬರೀ ನುಂಗುತ್ತಿದ್ದೇನೆ.

ಕಾಳು, ತರಕಾರಿ, ಹಣ್ಣುಗಳ ಜೀವಕೋಶದ ಗೋಡೆಯಲ್ಲಿರುವುದು ಸೆಲ್ಯುಲೋಸ್ ಎಂಬ ಗಟ್ಟಿ ನಾರು. ಅದನ್ನು ಕರಗಿಸುವ ಕಿಣ್ವ ನಮ್ಮ ದೇಹದಲ್ಲಿ ತಯಾರಾಗುವುದೇ ಇಲ್ಲ. ಬೇಯಿಸಿದರೆ ಮೆತ್ತಗಾಗುತ್ತದೆ ನಿಜ, ಆದರೆ ಒಡೆದು ನುರಿಸಬೇಕಾದದ್ದು ಹಲ್ಲೇ. ಹೊಟ್ಟೆ ಎಷ್ಟೇ ಕಡೆದರೂ ಅಲ್ಲಿ ಹಲ್ಲಿಲ್ಲವಲ್ಲ.

ಮೊದಲು ಹಿಡಿದದ್ದು ಎಲ್ಲರೂ ಹೇಳುವ ದಾರಿ, ತುತ್ತಿಗೆ 32 ಸಲ. ಮೂರು ದಿನಕ್ಕೆ ಬಿಟ್ಟೆ. ಮೆತ್ತಗಿನ ತುತ್ತು ಹತ್ತಕ್ಕೇ ಕರಗಿಹೋಗುತ್ತದೆ, ಬಾದಾಮಿಯಂಥದ್ದಕ್ಕೆ 32 ಸಾಲದು. ಎಣಿಸುತ್ತಾ ಕೂತರೆ ಜೊತೆಯಲ್ಲಿ ಉಣ್ಣುವವರ ಮಾತೂ ಕಿವಿಗೆ ಬೀಳುವುದಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದ ಹೊರೇಸ್ ಫ್ಲೆಚರ್, ಬಾಯಲ್ಲಿರುವುದು ನೀರಾಗುವವರೆಗೂ ಜಗಿಯಿರಿ ಎಂದು ಸಾರುತ್ತಾ ತಿರುಗಿದವರು. ಅಷ್ಟು ಅತಿಯೂ ಬೇಡ. ಗಟ್ಟಿ ತುಣುಕು ನಾಲಿಗೆಗೆ ಸಿಗದಂತಾದರೆ ಸಾಕೆಂದು ನಾನು ನಿಶ್ಚಯಿಸಿಕೊಂಡೆ.

ಆಗಲೂ ಸರಿಹೋಗಲಿಲ್ಲ. ಯಾಕೆಂದು ಗಮನವಿಟ್ಟು ನೋಡಿದಾಗ ತಿಳಿಯಿತು, ಅವಸರ ಇದ್ದದ್ದು ಕೈಗೆ. ಬಾಯಲ್ಲಿ ತುತ್ತು ಅರ್ಧ ಇರುವಾಗಲೇ ಮುಂದಿನದು ತಟ್ಟೆಯಿಂದ ಎದ್ದಿರುತ್ತಿತ್ತು. ಅದು ಕಣ್ಣೆದುರು ನಿಂತರೆ ಬಾಯಲ್ಲಿದ್ದದ್ದನ್ನು ನುಂಗದೆ ವಿಧಿಯಿಲ್ಲ! ಹಾಗಾಗಿ ಬಾಯಿ ಪೂರ್ತಿ ಖಾಲಿಯಾಗುವವರೆಗೆ ಚಮಚ ಕೆಳಗಿಡತೊಡಗಿದೆ. ಕೈಯಲ್ಲಿ ಉಣ್ಣುವಾಗ ಬೆರಳು ತಟ್ಟೆಯಿಂದ ಆಚೆ. ಗುಟುಕು ನೀರು ಕುಡಿದು ತುತ್ತು ತಳ್ಳುವುದನ್ನೂ ನಿಲ್ಲಿಸಿದೆ. ನೀರು ಕೆಟ್ಟದ್ದೆಂದಲ್ಲ, ಜಗಿಯದೆ ನುಂಗಲು ಅದೇ ನನಗೆ ನೆಪವಾಗಿತ್ತು.

ನಿಧಾನಿಸಿದ ಮೇಲೆ ಬಯಲಾದ ಇನ್ನೊಂದು ಸಂಗತಿ, ನಾನು ಜಗಿಯುತ್ತಿದ್ದದ್ದು ಬಲಗಡೆ ಮಾತ್ರ. ಎಡದವಡೆಯ ಒಂದು ಹಲ್ಲು ಹುಳುಕಾಗಿತ್ತು. ಅದನ್ನು ತುಂಬಿಸಿದ ಮೇಲೆಯೇ ಎರಡೂ ಕಡೆ ಜಗಿಯಲು ಸಾಧ್ಯವಾದದ್ದು. ಹಲ್ಲು ನೋಯುತ್ತಿದ್ದರೆ ದಯವಿಟ್ಟು ಮೊದಲು ಅದನ್ನು ನೋಡಿಸಿಕೊಳ್ಳಿ.

ಎರಡು ವಾರಕ್ಕೆ ತೇಗು ಇಳಿಯಿತು. ಗಬಗಬ ತಿನ್ನುವಾಗ ಗಾಳಿಯನ್ನೂ ನುಂಗುತ್ತಿದ್ದೆನಲ್ಲ, ಅದು ನಿಂತಿತು. ಉಬ್ಬರ ಕಡಿಮೆಯಾಗಲು ತಿಂಗಳು ಹಿಡಿಯಿತು. ಈಗ ಅನ್ನ, ರೊಟ್ಟಿ ಜಗಿಯುತ್ತಾ ಹೋದಂತೆ ಸಣ್ಣಗೆ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆದು ಮಾಲ್ಟೋಸ್ ಸಕ್ಕರೆ ಮಾಡುವುದರ ರುಚಿಯದು. ದಿನಕ್ಕೆ ಸುಮಾರು ಒಂದರಿಂದ ಒಂದೂವರೆ ಲೀಟರ್ ಜೊಲ್ಲು ಸುರಿಸುವ ದೇಹಕ್ಕೆ ನಾನು ಕೆಲಸವನ್ನೇ ಕೊಟ್ಟಿರಲಿಲ್ಲ. ಊಟಕ್ಕೀಗ ಇಪ್ಪತ್ತು ನಿಮಿಷ ದಾಟುತ್ತದೆ. ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟಲು ಹೆಚ್ಚುಕಡಿಮೆ ಅಷ್ಟು ಹೊತ್ತು ಬೇಕಂತೆ. ಎರಡನೇ ಸಲ ಬಡಿಸಿಕೊಳ್ಳುವುದು ತಾನಾಗಿಯೇ ನಿಂತಿದೆ.

ತಡರಾತ್ರಿ ಉಂಡು ಮಲಗಿದ ದಿನ ಎದೆಯುರಿ ಈಗಲೂ ಬರುತ್ತದೆ, ಅದಕ್ಕೆ ಜಗಿಯುವುದು ಮದ್ದಾಗಲಿಲ್ಲ. ಸಮಯವಿಲ್ಲದ ದಿನ ಬೇಗ ಬೇಗ ತಿನ್ನುವ ಬದಲು ತಟ್ಟೆಗೆ ಅರ್ಧವೇ ಹಾಕಿಕೊಳ್ಳುತ್ತೇನೆ.