ಎಂಜಿನ್ ಕೊಳ್ಳುವ ಮುನ್ನ ದೋಣಿಯ ಹಿಂಬದಿಗೆ ಟೇಪು ಹಿಡಿಯಿರಿ

ದೋಣಿಯ ಹಿಂಬದಿಗೆ ತೂಗಿಸುವ ಔಟ್‌ಬೋರ್ಡ್ ಎಂಜಿನ್ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಎಷ್ಟು ಎಚ್‌ಪಿ ಎಂದು, ಆಮೇಲೆ ರೇಟು, ಆಮೇಲೆ ಎಣ್ಣೆ ಎಷ್ಟು ಕುಡಿಯುತ್ತದೆ ಎಂದು. ಶಾಫ್ಟಿನ, ಅಂದರೆ ಎಂಜಿನ್ನಿನಿಂದ ನೀರಿಗಿಳಿಯುವ ಕಾಲಿನ, ಉದ್ದ ಕೇಳುವವರು ಕಡಿಮೆ. ಹೊಸ ಎಂಜಿನ್ನಾದರೆ ಅಂಗಡಿಯವರೇ ಕೇಳಿಯಾರು. ಎಡವಟ್ಟಾಗುವುದು ಹೆಚ್ಚಾಗಿ ಸೆಕೆಂಡ್‌ಹ್ಯಾಂಡ್ ವ್ಯಾಪಾರದಲ್ಲಿ. ಬೇರೆ ಯಾರದೋ ದೋಣಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಎಂಜಿನ್ ನಮ್ಮ ದೋಣಿಗೆ ಬಂದಾಗ ನಾಲ್ಕೈದು ಇಂಚು ಗಿಡ್ಡವೋ ಉದ್ದವೋ ಆಗಿರುತ್ತದೆ. ಮಂಜೇಶ್ವರದಿಂದ ಚಂದ್ರಗಿರಿ ಅಳಿವೆಯವರೆಗೆ ದಡದಲ್ಲಿ ಎಳೆದಿಟ್ಟ ಫೈಬರ್ ದೋಣಿಗಳನ್ನು ಒಮ್ಮೆ ಗಮನಿಸಿದರೆ ಸಾಕು, ಒಂದೊಂದು ಅಚ್ಚಿನ ದೋಣಿಯ ಹಿಂಬದಿ ಒಂದೊಂದು ಎತ್ತರ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ.

ಬೇಕಾದ್ದು ಎರಡೇ ಅಳತೆ. ಒಂದು ದೋಣಿಯದು, ಇನ್ನೊಂದು ಎಂಜಿನ್ನಿನದು.

ದೋಣಿಯ ಅಳತೆ

ಎಂಜಿನ್ ಕೂರುವ ಹಿಂಬದಿಯ ಹಲಗೆಗೆ ಟ್ರಾನ್ಸಮ್ ಎನ್ನುತ್ತಾರೆ. ದೋಣಿಯನ್ನು ಮರಳಿನ ಮೇಲೆ, ನೀರಿನಲ್ಲಿ ತೇಲುವಾಗ ಇರುವಷ್ಟೇ ಮಟ್ಟಕ್ಕೆ ನಿಲ್ಲಿಸಿ. ಮೂತಿ ಮೇಲೆದ್ದು ನಿಂತ ದೋಣಿಯನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ತಳಕ್ಕೆ ತಾಗುವಂತೆ ಒಂದು ನೇರ ಪಟ್ಟಿಯನ್ನು ದೋಣಿಯ ಅಡಿಯಲ್ಲಿ ತೂರಿಸಿ, ತುದಿ ಹಿಂದಕ್ಕೆ ಚಾಚಿರಲಿ. ಈಗ ಎಂಜಿನ್ನನ್ನು ಹಲಗೆಗೆ ಬಿಗಿಯುವ ಕ್ಲಾಂಪ್ ಕೂರುವ ಜಾಗದಿಂದ ಆ ಪಟ್ಟಿಯವರೆಗೆ ನೇರ ಕೆಳಕ್ಕೆ ಅಳೆಯಿರಿ.

ಇಲ್ಲಿ ಮೂರು ಕಡೆ ಜನ ಎಡವುತ್ತಾರೆ. ಬಹಳ ದೋಣಿಗಳಲ್ಲಿ ಎಂಜಿನ್ ಕೂರಲೆಂದು ಹಲಗೆಯ ನಡುಭಾಗವನ್ನು ತಗ್ಗಿಸಿರುತ್ತಾರೆ. ಅಳೆಯಬೇಕಾದ್ದು ಆ ತಗ್ಗಿನಿಂದ, ಬದಿಯ ಎತ್ತರದ ಅಂಚಿನಿಂದ ಅಲ್ಲ. ಎರಡನೆಯದು, ಹಲಗೆ ಸಾಮಾನ್ಯವಾಗಿ 12ರಿಂದ 15 ಡಿಗ್ರಿಯಷ್ಟು ಹಿಂದಕ್ಕೆ ವಾಲಿರುತ್ತದೆ. ವಾಲಿದ ಮೈಗುಂಟ ಟೇಪು ಬಿಟ್ಟರೆ 20 ಇಂಚಿಗೆ ಸುಮಾರು ಅರ್ಧ ಇಂಚು ಹೆಚ್ಚು ತೋರಿಸುತ್ತದೆ. ಅರ್ಧ ಇಂಚಿಗೆ ತಲೆಕೆಡಿಸಿಕೊಳ್ಳಬೇಕಿಲ್ಲ, ಆದರೆ ಹಲಗೆ ತೀರಾ ವಾಲಿದ್ದರೆ ತೂಗುಗುಂಡು ಇಳಿಬಿಟ್ಟ ನೇರ ಅಳತೆಯನ್ನೇ ಹಿಡಿಯಿರಿ, ಏಕೆಂದರೆ ಓಡುವಾಗ ಎಂಜಿನ್ನಿನ ಕಾಲು ನೇರವಾಗಿ ನಿಂತಿರುತ್ತದೆ. ಮೂರನೆಯದು ಕೀಲ್, ಅಂದರೆ ತಳದ ನಡುವೆ ಉದ್ದಕ್ಕೆ ಹೋಗುವ ಏಣು. ಅಳತೆ ದೋಣಿಯ ತಳದವರೆಗೆ ಮಾತ್ರ. ತಳದಿಂದ ಕೆಳಗೆ ಚಾಚಿದ ಕೀಲಿನ ಪಟ್ಟಿಯನ್ನು ಸೇರಿಸಬೇಡಿ.

ಹಿಂದೆಯೂ ಮುಂದೆಯೂ ಚೂಪಾಗಿರುವ ಹಳೆಯ ಮಾದರಿಯ ದೋಣಿಗೆ ಟ್ರಾನ್ಸಮ್ಮೇ ಇಲ್ಲ. ಅದಕ್ಕೆ ಪಕ್ಕದಲ್ಲಿ ಬ್ರಾಕೆಟ್ ಕಟ್ಟಿ ಎಂಜಿನ್ ತೂಗಿಸುತ್ತಾರೆ. ಹಾಗಿದ್ದರೆ ಬ್ರಾಕೆಟ್ಟಿನ ಹಲಗೆಯಿಂದ, ಅದರ ನೇರಕ್ಕೆ ಇರುವ ತಳದ ಮಟ್ಟದವರೆಗೆ ಅಳೆಯಿರಿ. ಪಕ್ಕದ ಎಂಜಿನ್ ದೋಣಿ ಹೊರಳಿದಾಗಲೆಲ್ಲ ಮೇಲೇಳುತ್ತದೆ, ಒಂದೆರಡು ಇಂಚು ಆಳವಿದ್ದರೆ ಒಳ್ಳೆಯದೇ.

ಎಂಜಿನ್ನಿನ ಅಳತೆ

ಎಂಜಿನ್ನನ್ನು ಸ್ಟ್ಯಾಂಡಿನಲ್ಲಿ ನೇರ ನಿಲ್ಲಿಸಿ. ಕ್ಲಾಂಪ್ ಬ್ರಾಕೆಟ್ಟಿನ ಒಳಮೈ, ಅಂದರೆ ಹಲಗೆಯ ತಲೆಯ ಮೇಲೆ ಕೂರುವ ಭಾಗ, ಅಲ್ಲಿಂದ ಟೇಪು ಶುರು. ಮುಗಿಯುವುದು ಪ್ರೊಪೆಲ್ಲರಿನ ಮೇಲೆ ರೆಕ್ಕೆಯಂತೆ ಅಡ್ಡಲಾಗಿರುವ ಪ್ಲೇಟಿನಲ್ಲಿ. ಮೆಕ್ಯಾನಿಕ್‌ಗಳು ಅದನ್ನು ಕ್ಯಾವಿಟೇಶನ್ ಪ್ಲೇಟ್ ಎನ್ನುತ್ತಾರೆ. ಪ್ರೊಪೆಲ್ಲರಿನ ನಡುವಿಗೋ ಅದರ ಕೆಳಗಿನ ಚೂಪು ತುದಿಗೋ ಅಳೆದರೆ ಸಿಗುವ ಅಂಕೆಯಿಂದ ಉಪಯೋಗವಿಲ್ಲ.

ಶಾರ್ಟ್ ಶಾಫ್ಟ್ ಅಂದರೆ ಸುಮಾರು 15 ಇಂಚು (38 ಸೆಂ.ಮೀ.), ಲಾಂಗ್ 20 ಇಂಚು (51 ಸೆಂ.ಮೀ.), ಎಕ್ಸ್‌ಟ್ರಾ ಲಾಂಗ್ 25 ಇಂಚು (64 ಸೆಂ.ಮೀ.). ಟೇಪು ಹಿಡಿದರೆ ಒಂದು ಇಂಚು ಆಚೀಚೆ ಬರಬಹುದು. ಮಾದರಿಯ ಹೆಸರಿನ ಕೊನೆಯಲ್ಲಿ ಎಸ್, ಎಲ್, ಎಕ್ಸ್ ಎಂಬ ಅಕ್ಷರ ಇದನ್ನೇ ಹೇಳುತ್ತದೆ. ನೋಡಬೇಕಾದ್ದು ಕೊನೆಯ ಅಕ್ಷರ. ಯಮಹಾದ ಇ40ಎಕ್ಸ್‌ಎಂಎಚ್‌ಎಲ್ ಎಂಬಲ್ಲಿ ನಡುವೆ ಬರುವ ಎಕ್ಸ್‌ಗೂ ಶಾಫ್ಟಿಗೂ ಸಂಬಂಧವಿಲ್ಲ. ಹಳೆಯ ಎಂಜಿನ್ನಿನಲ್ಲಿ ಸ್ಟಿಕರ್ ನಂಬಬೇಡಿ. ಕವರು ಒಂದರದು, ಕಾಲು ಇನ್ನೊಂದರದು ಇರಬಹುದು. ಟೇಪೇ ಸಾಕ್ಷಿ.

ಎರಡನ್ನೂ ಹೊಂದಿಸುವುದು

ಎಂಜಿನ್ ಕೂತಾಗ ಆ ಪ್ಲೇಟು ದೋಣಿಯ ತಳದ ಮಟ್ಟದಲ್ಲಿ, ಇಲ್ಲವೇ ಒಂದು ಇಂಚು ಕೆಳಗೆ ಬರಬೇಕು. ಹಲಗೆ 15ರಿಂದ 16 ಇಂಚಾದರೆ ಶಾರ್ಟ್, 20ರ ಆಸುಪಾಸಾದರೆ ಲಾಂಗ್, 25 ಆದರೆ ಎಕ್ಸ್‌ಟ್ರಾ ಲಾಂಗ್. ಬಲೆ, ಐಸು, ಜನ ಹೊತ್ತು ನಿಧಾನಕ್ಕೆ ಹೋಗುವ ಮೀನುಗಾರಿಕೆ ದೋಣಿಗೆ ನನ್ನ ಮಟ್ಟಿಗೆ ಒಂದು ಇಂಚು ಕೆಳಗಿರುವುದೇ ಸರಿ. ಕೀಲು ಹಿಂದಿನವರೆಗೂ ಬಂದಿದ್ದರೆ ಅದು ನೀರನ್ನು ಕಲಕಿಯೇ ಪ್ರೊಪೆಲ್ಲರಿಗೆ ಕಳಿಸುತ್ತದೆ, ಆಗಲೂ ತುಸು ಆಳ ಬೇಕು.

ಶಾಫ್ಟು ಗಿಡ್ಡವಾದರೆ ಏನಾಗುತ್ತದೆ? ಪ್ರೊಪೆಲ್ಲರ್ ಮೇಲಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಎಂಜಿನ್ ಅರಚುತ್ತದೆ, ದೋಣಿ ಕದಲುವುದಿಲ್ಲ. ನದಿಯೊಳಗೆ ಇದೊಂದು ಕಿರಿಕಿರಿ, ಅಷ್ಟೇ. ಅಳಿವೆ ದಾಟುವಾಗ ಕಥೆ ಬೇರೆ: ತೆರೆಯ ಮೇಲೆ ಹಿಂಬದಿ ಎದ್ದ ಆ ಕ್ಷಣದಲ್ಲೇ ತಳ್ಳುವ ಬಲ ಕೈಕೊಡುತ್ತದೆ, ದೋಣಿ ಅಡ್ಡ ತಿರುಗುತ್ತದೆ. ಜೊತೆಗೆ, ಎಂಜಿನ್ ತಂಪಾಗಲು ನೀರು ಎಳೆಯುವ ಕಿಂಡಿ ಇರುವುದೂ ಆ ಕೆಳಗಿನ ಭಾಗದಲ್ಲೇ. ಅಲ್ಲಿಗೆ ನೀರಿನ ಬದಲು ಗಾಳಿ ಹೋದರೆ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರ (ಇಂಪೆಲ್ಲರ್) ಸುಟ್ಟು, ಎಂಜಿನ್ ಕಾಯುತ್ತದೆ.

ಉದ್ದ ಹೆಚ್ಚಾದರೆ ಅಪಾಯ ಕಡಿಮೆ, ಖರ್ಚು ಜಾಸ್ತಿ. ನೀರಿನಲ್ಲಿ ಕಾಲು ಎಳೆದಂತಾಗಿ ಎಣ್ಣೆ ಹೆಚ್ಚು ಹೋಗುತ್ತದೆ, ಎಂಜಿನ್ ತಿರುಗಿಸುವ ಹಿಡಿ ಭಾರವಾಗುತ್ತದೆ, ಕಾಲಿನ ಮೇಲಕ್ಕೆ ನೀರು ಚಿಮ್ಮುತ್ತದೆ. ಇಳಿತದ ಹೊತ್ತಿಗೆ ಶಿರಿಯಾ, ಮೊಗ್ರಾಲ್ ಹೊಳೆಗಳ ಮರಳು ದಿಬ್ಬಗಳಿಗೆ ಪ್ರೊಪೆಲ್ಲರ್ ತಾಗುವುದೂ ಇದೆ.

ಕಷ್ಟ ಇರುವುದು 17, 18 ಇಂಚಿನ ದೋಣಿಗಳಿಗೆ. ಶಾರ್ಟ್ ಸಾಲದು, ಲಾಂಗ್ ಹೆಚ್ಚು. ಹಲಗೆಯನ್ನು ಎರಡು ಇಂಚು ಕತ್ತರಿಸಿ ಶಾರ್ಟ್ ಕೂರಿಸಿದರಾಯಿತು ಎಂದು ಹೇಳುವವರು ಸಿಗುತ್ತಾರೆ. ಕಡಲಿಗೆ ಹೋಗುವ ದೋಣಿಗೆ ಈ ಕೆಲಸ ಬೇಡವೇ ಬೇಡ. ಹಿಂದಿನಿಂದ ಬರುವ ತೆರೆಯನ್ನು ತಡೆಯುವುದು ಆ ಹಲಗೆಯೇ. ಲಾಂಗ್ ಶಾಫ್ಟ್ ತಂದು ಹಲಗೆಯ ತಲೆಗೆ ಗಟ್ಟಿ ಮರದ ದಿಮ್ಮಿಯೊಂದನ್ನು ಬೋಲ್ಟಿನಲ್ಲಿ ಬಿಗಿದು ಎತ್ತರಿಸುವುದು ಒಳ್ಳೆಯ ದಾರಿ. ಬೋಲ್ಟ್ ಹಲಗೆಯನ್ನು ದಾಟಿ ಒಳಗೆ ನಟ್ಟಿಗೆ ಸಿಗಬೇಕು, ಬರೀ ಸ್ಕ್ರೂ ಸಾಲದು. ಕೊರೆದ ತೂತುಗಳಿಗೆ ಸೀಲಂಟ್ ತುಂಬಿ, ಇಲ್ಲವಾದರೆ ಫೈಬರಿನ ಒಳಗಿನ ಪ್ಲೈವುಡ್ ನೀರು ಕುಡಿದು ಕೊಳೆಯುತ್ತದೆ. ಹಿನ್ನೀರಿನಲ್ಲೇ ಓಡಾಡುವ ದೋಣಿಯಾದರೆ ಮಾತ್ರ ಶಾರ್ಟ್ ಹಾಕಿ ನೋಡಬಹುದು.

ನೀರಿಗಿಳಿಸಿ ನೋಡುವುದು

ಎಂಜಿನ್ನನ್ನು ಹಲಗೆಯ ನಟ್ಟನಡುವೆ ಕೂರಿಸಿ, ಕ್ಲಾಂಪ್ ಬಿಗಿದು, ದೋಣಿಗೆ ಒಂದು ಸಂಕೋಲೆ ಕಟ್ಟಿ. ತಿರುಪು ಸಡಿಲವಾಗಿ ಎಂಜಿನ್ ನೀರಿಗೆ ಜಾರಿದರೆ ಹಿಡಿದಿಡುವುದು ಅದೊಂದೇ. ಎಂಜಿನ್ ಎಷ್ಟು ವಾಲಬೇಕೆಂದು ನಿಲ್ಲಿಸುವ ಟಿಲ್ಟ್ ಪಿನ್ನನ್ನು, ಓಡುವಾಗ ಪ್ಲೇಟು ನೀರಿಗೆ ಸಮಾನಾಂತರವಾಗುವ ತೂತಿನಲ್ಲಿ ಹಾಕಿ.

ಖಾಲಿ ದೋಣಿಯಲ್ಲಿ ಪರೀಕ್ಷೆ ಮಾಡಬೇಡಿ. ದಿನವೂ ಹೊರುವಷ್ಟು ಭಾರ, ಜನ ಇರಲಿ. ತೆರೆಗೆ ಎದುರಾಗಿ ಓಡಿಸಿ, ಬಿಗಿಯಾಗಿ ತಿರುಗಿಸಿ. ತಿರುವಿನಲ್ಲಿ ಎಂಜಿನ್ ಅರಚಿದರೆ ಅರ್ಧದಿಂದ ಒಂದು ಇಂಚು ಇಳಿಸಿ. ಹಿಡಿ ತೀರಾ ಭಾರವಾಗಿ, ನೀರು ಹಿಂದಿನಿಂದ ಮೇಲಕ್ಕೆ ಚಿಮ್ಮಿದರೆ ಕ್ಲಾಂಪಿನ ಕೆಳಗೆ ಒಂದು ಇಂಚಿನ ಮರದ ಪಟ್ಟಿ ಕೊಟ್ಟು ಎತ್ತರಿಸಿ. ಎಂಜಿನ್ನಿನ ಪಕ್ಕದ ಸಣ್ಣ ತೂತಿನಿಂದ ಬರುವ, ತಂಪು ಮಾಡುವ ನೀರಿನ ಧಾರೆ ತಿರುವಿನಲ್ಲೂ ಕಡಿಯಬಾರದು. ಹತ್ತು ನಿಮಿಷ ಓಡಿಸಿ ದಡಕ್ಕೆ ಬಂದ ಮೇಲೆ ಕ್ಲಾಂಪಿನ ತಿರುಪುಗಳನ್ನು ಇನ್ನೊಮ್ಮೆ ಬಿಗಿಯಿರಿ. ಹೊಸ ಮರ ಅದುಮಿ ಸಡಿಲ ಬಿಟ್ಟಿರುತ್ತದೆ.