ಕಕ್ಕಬ್ಬೆಗೆ ಎಂಟು ಅಕ್ಷರ

ಕ್ಲಿಮ್ 2 ಎಂಬುದು ಕಾಮನ್ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಿಟಕಿ, ಮೆನು ಕಟ್ಟಲು ಸ್ಕಾಟ್ ಮೆಕ್‌ಕೇ ಮತ್ತು ವಿಲಿಯಂ ಯಾರ್ಕ್ ಬರೆದ ನಿಯಮಪುಸ್ತಕ (ಸ್ಪೆಸಿಫಿಕೇಷನ್). ಅದನ್ನು ಅನುಸರಿಸಿ ಬರೆದ ಮುಕ್ತ ತಂತ್ರಾಂಶ ಮೆಕ್‌ಕ್ಲಿಮ್. ಅದರ ಮೇಲೆ ಕನ್ನಡ ಪಠ್ಯ ತೋರಿಸುವ ಪುಟ್ಟ ಲೈಬ್ರರಿಯೊಂದನ್ನು ಮಡಿಕೇರಿ, ವಿರಾಜಪೇಟೆ ಕಡೆಯ ನಾವು ನಾಲ್ಕೈದು ಜನ ಬಿಡುವಿನಲ್ಲಿ ನೋಡಿಕೊಳ್ಳುತ್ತೇವೆ. ಕೋಡ್ ಬರೆಯುವುದು ಇಲ್ಲಿ ಸಣ್ಣ ಕೆಲಸ. ಬೇರೆಯವರು ಕಳಿಸಿದ ಪ್ಯಾಚ್ (ಕೋಡ್ ತಿದ್ದುಪಡಿ) ನಂಬಬಹುದೇ ಎಂದು ತಿಳಿಯುವುದೇ ದೊಡ್ಡದು.

ತೊಂದರೆ ಹುಟ್ಟುವುದು ಲಿಸ್ಪ್‌ನ ಸುಖದಲ್ಲೇ. ಇಮೇಜ್, ಅಂದರೆ ಮೆಮೊರಿಯಲ್ಲಿರುವ ಇಡೀ ಲಿಸ್ಪ್, ದಿನಗಟ್ಟಲೆ ಓಡುತ್ತಿರುತ್ತದೆ; ಇಮ್ಯಾಕ್ಸ್ ಎಡಿಟರಿನ ಸ್ಲೈಮ್‌ನಿಂದ ಒಂದೊಂದೇ ಫಂಕ್ಷನ್ ತಿದ್ದಿ ಅದರೊಳಗೆ ಕಳಿಸುತ್ತೇವೆ. ಫೈಲಿನಿಂದ ಮೆಥಡ್ (ಆಯಾ ಬಗೆಯ ಡೇಟಾಗೆ ಬರೆದ ಕೋಡ್ ತುಂಡು) ಅಳಿಸಿದರೂ ಇಮೇಜ್‌ನಲ್ಲಿ ಅದು ಜೀವಂತವಾಗಿಯೇ ಇರುತ್ತದೆ. ಬರೆದವರಲ್ಲಿ ಸಲೀಸಾಗಿ ಓಡಿದ ಪ್ಯಾಚ್ ನಮ್ಮಲ್ಲಿ ‘ಹೊಂದುವ ಮೆಥಡ್ ಇಲ್ಲ’ ಎಂದು ಮುಗ್ಗರಿಸುವುದು ಇದರಿಂದ. ಆದ್ದರಿಂದ ಕಳಿಸುವ ಮುನ್ನ ಎಸ್‌ಬಿಸಿಎಲ್ ಎಂಬ ಲಿಸ್ಪ್ ಕಂಪೈಲರನ್ನು ಹೊಸದಾಗಿ ಶುರುಮಾಡಿ, ಲೋಡ್ ಮಾಡಿ, ಪರೀಕ್ಷೆ ಓಡಿಸಲೇಬೇಕು. ಮ್ಯಾಕ್ರೊ (ಕೋಡನ್ನೇ ಹುಟ್ಟಿಸುವ ಕೋಡ್) ತಿದ್ದಿದ್ದರೆ ಹೋಮ್‌ನ ಕ್ಯಾಷ್ ಫೋಲ್ಡರಿನಲ್ಲಿರುವ ಕಾಮನ್-ಲಿಸ್ಪ್ ಫೋಲ್ಡರನ್ನೂ ಅಳಿಸಬೇಕು. ಆ ಮ್ಯಾಕ್ರೊ ಬಳಸುವ ಫೈಲಿನ ಅವಲಂಬನೆ ಎಎಸ್‌ಡಿಎಫ್ (ಫೈಲುಗಳನ್ನು ಕ್ರಮವಾಗಿ ಕಂಪೈಲ್ ಮಾಡುವ ಸಲಕರಣೆ) ವಿವರದಲ್ಲಿ ಬಿಟ್ಟುಹೋಗಿದ್ದರೆ ಅದು ಮತ್ತೆ ಕಂಪೈಲ್ ಆಗದೆ, ಹಳೆಯ ಫಾಸ್ಲ್ (ಕಂಪೈಲ್ ಆದ ಕಡತ) ಸದ್ದಿಲ್ಲದೆ ಲೋಡ್ ಆಗುತ್ತದೆ.

ಪರೀಕ್ಷೆಗೆ ಪರದೆ ಬೇಕಿಲ್ಲ. ಎಕ್ಸ್‌ವಿಎಫ್‌ಬಿ ಎಂಬ ಕಾಲ್ಪನಿಕ ಪರದೆಯನ್ನು ಡಿಸ್‌ಪ್ಲೇ 99ರಲ್ಲಿ, 24 ಬಿಟ್ ಬಣ್ಣದಲ್ಲಿ ಎಬ್ಬಿಸಿದರೆ ಸಾಕು. ಹೊಸಬರ ಮೊದಲ ದೂರು ಮಾತ್ರ ‘ಕಿಟಕಿಯೇ ತೆರೆಯಲಿಲ್ಲ’. ಮೆಕ್‌ಕ್ಲಿಮ್ ಸಿಎಲ್‌ಎಕ್ಸ್ ಲೈಬ್ರರಿ ಮೂಲಕ, ಲಿನಕ್ಸ್‌ನಲ್ಲಿ ಕಿಟಕಿ ತೋರಿಸುವ ಎಕ್ಸ್ ಸರ್ವರ್ ಜೊತೆ ಮಾತಾಡುತ್ತದೆ. ಎಕ್ಸ್ ಬದಲು ಬಂದ ವೇಲ್ಯಾಂಡ್ ಡೆಸ್ಕ್‌ಟಾಪ್ ಆದರೆ ಎರಡನ್ನೂ ಜೋಡಿಸುವ ಎಕ್ಸ್‌ವೇಲ್ಯಾಂಡ್ ಇರಬೇಕು, ಡಿಸ್‌ಪ್ಲೇ ವೇರಿಯಬಲ್ ತುಂಬಿರಬೇಕು. ಇದನ್ನು ರೀಡ್‌ಮಿಯ ಮೊದಲ ಸಾಲಿಗೇ ಏರಿಸಿದ್ದೇವೆ. ರೆಪೊವನ್ನು (ಕೋಡ್ ಭಂಡಾರ), ಲಿಸ್ಪ್ ಲೈಬ್ರರಿಗಳನ್ನು ಇಳಿಸಿಕೊಡುವ ಕ್ವಿಕ್‌ಲಿಸ್ಪ್‌ನ ಲೋಕಲ್-ಪ್ರಾಜೆಕ್ಟ್ಸ್ ಫೋಲ್ಡರಿನಲ್ಲೇ ಕ್ಲೋನ್ ಮಾಡಿ ಎಂಬುದು ಎರಡನೆಯ ಸಾಲು. ಇಲ್ಲದಿದ್ದರೆ ಕ್ವಿಕ್‌ಲಿಸ್ಪ್‌ನ ಹಳೆಯ ಬಿಡುಗಡೆ ಲೋಡ್ ಆಗಿ, ಎಂದೋ ಸರಿಹೋದ ಬಗ್ ಮತ್ತೆ ವರದಿಯಾಗುತ್ತದೆ.

ಹೊಸಬರಿಗೆ ಮೊದಲು ಕೊಡುವುದು ಒಂದು ಪದ: ಕಕ್ಕಬ್ಬೆ, ಕೊಡಗಿನ ಒಂದು ಊರಿನ ಹೆಸರು. ಕಣ್ಣಿಗೆ ಮೂರಕ್ಷರ, ಎಸ್‌ಬಿಸಿಎಲ್‌ನಲ್ಲಿ ಲೆಂಗ್ತ್ (ಉದ್ದ) ಕೇಳಿದರೆ 8, ಏಕೆಂದರೆ ಅದು ಎಣಿಸುವುದು ಕೋಡ್‌ಪಾಯಿಂಟ್, ಅಂದರೆ ಯೂನಿಕೋಡ್ ಸಂಕೇತಗಳನ್ನು. ಕೋಡ್‌ಪಾಯಿಂಟ್‌ಗೊಂದು ಗ್ಲಿಫ್ (ಫಾಂಟಿನ ಆಕಾರ) ಎಂದು ಬಿಡಿಸಿದರೆ ಒತ್ತಕ್ಷರ ಕೆಳಗಿಳಿಯದೆ ಸಾಲಾಗಿ ನಿಲ್ಲುತ್ತದೆ. ಪದವನ್ನು ತುಂಡರಿಸದೆ, ಲಿಪಿ ಕನ್ನಡ ಎಂದು ಹೇಳಿ ಅಕ್ಷರ ಜೋಡಿಸುವ ಲೈಬ್ರರಿ ಹಾರ್ಫ್‌ಬಜ್‌ಗೆ ಕೊಟ್ಟರೆ ಗ್ಲಿಫ್ ಸಂಖ್ಯೆ, ಅಗಲ, ಸರಿಯುವಿಕೆ, ಕ್ಲಸ್ಟರ್ (ಒಟ್ಟಾಗಿ ಒಂದು ಅಕ್ಷರವಾಗುವ ಗುಂಪು) ವಾಪಸ್ಸು ಬರುತ್ತವೆ. ಬಿಡಿಸುವ ಕಡೆ ಮಾತ್ರ ಇದನ್ನು ಹಾಕಿ, ಪಠ್ಯದ ಅಗಲ ಅಳೆಯುವ ಕಡೆ ಮರೆಯುವುದು ಪ್ರತಿಯೊಬ್ಬರೂ ಮಾಡುವ ತಪ್ಪು. ಆಗ ಮೌಸ್ ಇಟ್ಟಾಗ ಪ್ರೆಸೆಂಟೇಷನ್ (ಕ್ಲಿಕ್ ಮಾಡಬಹುದಾದ ಪಠ್ಯ) ಸುತ್ತ ಮೂಡುವ ಚೌಕ ಪದಕ್ಕಿಂತ ಉದ್ದವಾಗಿ ಚಾಚಿಕೊಳ್ಳುತ್ತದೆ. ಎರಡೂ ಒಂದೇ ಫಂಕ್ಷನ್ ಕರೆಯಬೇಕು. ಬಾಣದ ಗುಂಡಿ ಒತ್ತಿದರೆ ಕರ್ಸರ್ ಕ್ಲಸ್ಟರ್ ದಾಟಲಿ. ಬ್ಯಾಕ್‌ಸ್ಪೇಸ್ ಮಾತ್ರ ಒಂದೇ ಕೋಡ್‌ಪಾಯಿಂಟ್ ಅಳಿಸಲಿ. ಒತ್ತು ತಪ್ಪಿದ್ದಕ್ಕೆ ಇಡೀ ಅಕ್ಷರ ಮತ್ತೆ ಟೈಪಿಸುವ ತಾಳ್ಮೆ ಯಾರಿಗಿದೆ?

ಈ ಒಂದು ಪದ ಸರಿಮಾಡಿದವರಿಗೆ ಲೈಬ್ರರಿಯ ಮುಕ್ಕಾಲು ಭಾಗ ಪರಿಚಯವಾಗಿರುತ್ತದೆ. ‘ಡಾಕ್ಯುಮೆಂಟೇಷನ್ ತಿದ್ದಿ’ ಎಂಬ ಸವಕಲು ಕೆಲಸ ಕೊಟ್ಟಾಗ ಎರಡನೆಯ ಪ್ಯಾಚ್ ಬಂದದ್ದು ಕಡಿಮೆ.

ಇನ್ನು ಕಾಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲು, ಜೂನ್‌ನಿಂದ ಆಗಸ್ಟ್ ಮಳೆ. ಕರೆಂಟ್ ಹೋದರೆ ನೆಟ್‌ವರ್ಕೂ ಅದರ ಹಿಂದೆಯೇ. ಹಾಗಾಗಿ ಬಿಡುಗಡೆ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಮಾತ್ರ. ಮೇ ಮುಗಿಯುವುದರೊಳಗೆ ಕ್ವಿಕ್‌ಲಿಸ್ಪ್‌ನ ಬಂಡಲ್-ಸಿಸ್ಟಮ್ಸ್ ಬಳಸಿ ಎಲ್ಲ ಅವಲಂಬನೆಗಳನ್ನೂ ಒಂದು ಫೋಲ್ಡರಿಗೆ ಇಳಿಸಿಕೊಳ್ಳುತ್ತೇವೆ. ಆಮೇಲೆ ನೆಟ್ ಇಲ್ಲದೆಯೂ ಲೋಡ್ ಆಗುತ್ತದೆ. ಪ್ಯಾಚ್‌ಗಳು ಗಿಟ್ ಬಂಡಲ್ (ಬದಲಾವಣೆಗಳೆಲ್ಲ ಇರುವ ಒಂದು ಕಡತ) ಆಗಿ ಪೆನ್‌ಡ್ರೈವ್‌ನಲ್ಲಿ ಓಡಾಡುತ್ತವೆ. ಹಿಂದಿನ ಟ್ಯಾಗ್‌ನಿಂದ ಈಚೆಗಿನದಷ್ಟನ್ನೇ ಕಟ್ಟಿದರೆ ಕಡತ ಹಗುರ, ಆದರೆ ಆ ಟ್ಯಾಗಿನ ಕಮಿಟ್ ಪಡೆಯುವವರಲ್ಲಿ ಇಲ್ಲದಿದ್ದರೆ ಗಿಟ್ ಒಪ್ಪುವುದಿಲ್ಲ.

ವಿಲೀನ ಮಾಡುವ ಅಧಿಕಾರ ಇಬ್ಬರಿಗಿದೆ, ಇಬ್ಬರೂ ಬೇರೆ ಬೇರೆ ಊರಿನವರು. ಬಂದ ಪ್ಯಾಚಿಗೆ 7 ದಿನದೊಳಗೆ ಉತ್ತರ ಹೋಗುತ್ತದೆ, ಅದು ‘ಮಳೆ ನಿಂತ ಮೇಲೆ ನೋಡ್ತೇವೆ’ ಎಂಬ ಒಂದೇ ಸಾಲಾದರೂ ಸರಿ.