ತೋಟದ ಮೇಲ್ಬದಿಗೆ ಕಪ್ಪೆಗೊಂದು ಹೊಂಡ

ಕಪ್ಪೆ ಹಿಡಿದು ಗಾಜಿನ ಡಬ್ಬಿಯಲ್ಲಿ ಸಾಕಬಹುದಾ ಅಂತ ನಮ್ಮನೆ ಮಕ್ಕಳು ಕೇಳುತ್ತಿರುತ್ತಾರೆ. ಶಿರಸಿ ಕಡೆ ಮನೆ ಇಟ್ಟುಕೊಂಡು ಡಬ್ಬಿ ಯಾಕೆ ಬೇಕು? ಮಳೆ ಹಿಡಿಯುವ ಮೊದಲು ಒಂದು ಹೊಂಡ ತೋಡಿಟ್ಟರೆ ಅವೇ ಬರುತ್ತವೆ.

ನಾಲ್ಕಡಿ ಉದ್ದ, ಮೂರಡಿ ಅಗಲ ಸಾಕು. ನಡುವೆ ಒಂದೂವರೆ ಅಡಿ ಆಳ ಇರಲಿ, ಆದರೆ ಒಂದು ಬದಿಯಾದರೂ ಇಳಿಜಾರು ಬೇಕೇ ಬೇಕು. ಬಾಲ ಕರಗುವ ಹೊತ್ತಿಗೆ ಮರಿಗಳು ಗಾಳಿಯಲ್ಲಿ ಉಸಿರಾಡಲು ಶುರು ಮಾಡಿರುತ್ತವೆ, ಹತ್ತಲು ಜಾಗ ಸಿಗದಿದ್ದರೆ ನೀರಲ್ಲೇ ಮುಳುಗಿ ಸಾಯುತ್ತವೆ. ಸಿಮೆಂಟ್ ತೊಟ್ಟಿ ಬೇಡ ಅನ್ನೋದು ಇದಕ್ಕೇ. ನೀರು ಇಂಗುವ ಮಣ್ಣಾದರೆ ಹಳೇ ತಾಡಪಾಲು ಹಾಸಿ, ಮೇಲೆ ಎರಡು ಬುಟ್ಟಿ ಮಣ್ಣು, ಒಂದಿಷ್ಟು ದರಕು (ಒಣಗಿದ ಎಲೆ) ಹಾಕಿ. ಮಳೆ ನೀರೇ ತುಂಬಲಿ.

ಜಾಗದ ವಿಷಯದಲ್ಲಿ ನಾನು ಎಡವಿದೆ. ಮೊದಲ ವರ್ಷ ಅಡಿಕೆ ಮರದ ಬುಡದಲ್ಲೇ ತೋಡಿದ್ದೆ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆದ ಮಾರನೇ ದಿನ ಮಳೆ ಬಂತು, ಮರದಿಂದ ಇಳಿದ ನೀರೆಲ್ಲ ಹೊಂಡಕ್ಕೆ ಹೋಯಿತು, ಎರಡೇ ದಿನದಲ್ಲಿ ಗೊದಮೊಟ್ಟೆಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೈಲುತುತ್ತದಲ್ಲಿರುವ ತಾಮ್ರ ಅವಕ್ಕೆ ವಿಷ. ಹಾಗಾಗಿ ಹೊಂಡ ತೋಟಕ್ಕಿಂತ ಎತ್ತರದಲ್ಲಿ, ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು, ದರಕು ತರುವ ಕಾಡು) ಬದಿಗೆ ಇರಲಿ.

ಸೊಳ್ಳೆ ಆಗುತ್ತದೆ ಅಂತ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡಬೇಡಿ, ಕಪ್ಪೆಯ ಮೊಟ್ಟೆ, ಮರಿ ಎರಡನ್ನೂ ತಿಂದುಬಿಡುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿಗಳು ತಾವಾಗೇ ಬಂದು ಸೊಳ್ಳೆಮರಿ ತಿನ್ನುತ್ತವೆ. ಜೊತೆಗೆ ಒಂದಷ್ಟು ಗೊದಮೊಟ್ಟೆಯನ್ನೂ ತಿನ್ನುತ್ತವೆ, ಇರಲಿ ಬಿಡಿ.

ನೀರಿನ ಮೇಲಕ್ಕೆ ಬಾಗಿದ ಕೊಂಬೆ ಇದ್ದರೆ ಕಡಿಯಬೇಡಿ. ಮಲಬಾರ್ ಹಾರುಕಪ್ಪೆ ಅಲ್ಲೇ ಎಲೆಗಳ ನಡುವೆ ನೊರೆಗೂಡು ಕಟ್ಟುತ್ತದೆ. ಯಾರೋ ಸೋಪಿನ ನೊರೆ ಎಸೆದಂತೆ ಕಾಣುತ್ತದೆ, ಕೋಲು ಹಾಕಿ ತಿವಿಯಬೇಡಿ. ಒಳಗೆ ಮೊಟ್ಟೆ ಒಡೆದ ಮೇಲೆ ನೊರೆ ಕರಗಿ ಮರಿಗಳು ಕೆಳಗಿನ ನೀರಿಗೆ ಬೀಳುತ್ತವೆ. ರಾತ್ರಿ ಟಾರ್ಚ್ ಹಿಡಿದು ನೋಡಲು ಹೋಗಿ, ಮುಟ್ಟೋದು ಬೇಡ. ಕೈಗೆ ಹಚ್ಚಿದ ಸೊಳ್ಳೆ ಕ್ರೀಮು ಅವುಗಳ ಚರ್ಮದೊಳಗೆ ಸೀದಾ ಇಳಿಯುತ್ತದೆ. ಕಾಲಿಗೆ ಮಾತ್ರ ಬೂಟು ಇರಲಿ, ಹಾವೂ ಅದೇ ಹೊತ್ತಿಗೆ ಓಡಾಡುತ್ತದೆ.

ಕುಂಬಾರ ಕಪ್ಪೆ ನಿಮ್ಮ ಹೊಂಡಕ್ಕೆ ಬರುವುದಿಲ್ಲ. 2014ರಲ್ಲಿ ಹೊಸ ಪ್ರಭೇದ ಅಂತ ಹೆಸರು ಪಡೆದ, ಮೊಟ್ಟೆಗಳಿಗೆ ಗಂಡೇ ಕೈಯಾರೆ ಕೆಸರು ಮೆತ್ತುವ ಕಪ್ಪೆ ಅದು. ಅದಕ್ಕೆ ಹರಿಯುವ ಹಳ್ಳ ಬೇಕು, ಸಿದ್ದಾಪುರದ ಕತ್ತಲೆಕಾನಿನಂಥ ಕಾಡು ಬೇಕು.

ಕಪ್ಪೆ ಜಾಸ್ತಿಯಾದರೆ ನೀರೊಳ್ಳೆ ಹಾವೂ ಬರುತ್ತದೆ. ವಿಷವಿಲ್ಲ, ಆದರೆ ಹಿಡಿಯಲು ಹೋದರೆ ಚೆನ್ನಾಗಿಯೇ ಕಚ್ಚುತ್ತದೆ. ಸುಮ್ನೆ ಬಿಡಿ, ಹೊಟ್ಟೆ ತುಂಬಿದ ಮೇಲೆ ಹೋಗುತ್ತದೆ.